ಕಾಡಿಗೆ ಗುರುತು ಕಟ್ಟುವವರು ಊರಿಗೊಂದು ಮಾತು ಹೇಳಬಾರದೇ?

ಶೃಂಗೇರಿಯಿಂದ ಕಿಗ್ಗಕ್ಕೆ ಹೋಗುವ ಬಸ್ಸಿನಲ್ಲಿ ಈಚೆಗೆ ಅಡಿಕೆ ರೇಟಿನ ಮಾತೂ ಹಿಂದೆ ಬಿದ್ದಿದೆ. ‘ಕಾಡಲ್ಲಿ ಅದೆಂತದೋ ಕಟ್ಟಿದಾರಂತಲ್ಲ ಮಾರಾಯ್ರೇ, ಎಂತದಂತೆ ಅದು?’ ಇದೊಂದೇ ಪ್ರಶ್ನೆ. ಬಸ್ಸು ಕಿಗ್ಗ ಮುಟ್ಟುವಷ್ಟರಲ್ಲಿ ಹತ್ತು ಉತ್ತರ ಹುಟ್ಟಿರುತ್ತವೆ. ಹತ್ತರಲ್ಲಿ ಒಂದೂ ಸರಿಯಿಲ್ಲ. ಇಷ್ಟು ಸಣ್ಣ ವಿಷಯ ಇಷ್ಟು ದೊಡ್ಡದಾಗಬೇಕಾಗಿರಲಿಲ್ಲ. ಆದರೆ ಆಗಿದೆ. ಯಾಕಾಯಿತು ಅನ್ನೋದನ್ನ ಬರೆಯಲೇಬೇಕು.

ವಿಷಯ ಇಷ್ಟೇ. ಸಿರಿಮನೆ ಜಲಪಾತದ ದಾರಿಯಿಂದ ಮೇಲೆ, ಸೊಪ್ಪಿನ ಬೆಟ್ಟದ ಅಂಚಿನಲ್ಲಿ, ಉಪ್ಪಾಗೆ ಹೆಕ್ಕಲು ಹೋದವರ ಕಣ್ಣಿಗೆ ಮರದ ಕೊಂಬೆಗೆ ನೇತುಹಾಕಿದ್ದ ಒಂದು ವಸ್ತು ಬಿತ್ತು. ಬಟ್ಟೆಯದ್ದು. ಮೂರು ಮುಖ, ಒಂದೊಂದು ಮುಖ ಸುಮಾರು ಒಂದು ಅಡಿ ಅಗಲ, ಒಂದು ಅಡಿ ಎತ್ತರ. ಪ್ರತಿ ಮುಖಕ್ಕೂ ಮೂಲೆಯಿಂದ ಮೂಲೆಗೆ ಗೆರೆ ಹೊಡೆದ ಹಾಗೆ ಅರ್ಧ ಬಿಳಿ, ಅರ್ಧ ಕಿತ್ತಳೆ ಬಣ್ಣ. ಅದರ ಮೇಲೆ 47 ಎಂಬ ನಂಬರು. ಕೆಳಗೆ ದಾರದಲ್ಲಿ ನೇತಾಡುವ ಸಣ್ಣ ಪ್ಲಾಸ್ಟಿಕ್ ಚಿಮಟ, ಬಾಯಿ ತೆರೆದರೆ ಒಳಗೆ ಸೂಜಿ ಹಲ್ಲು. ಬಿಳಿ ಬಣ್ಣ ಮಾಸಿ ಒಂದು ಮೂಲೆಗೆ ಪಾಚಿ ಹತ್ತಿತ್ತು. ಅಂದರೆ ಮಳೆಗಾಲಕ್ಕೆ ಮುಂಚೆ ಯಾರೋ ಕಟ್ಟಿ ಬಿಟ್ಟುಹೋದದ್ದು. ಅಲ್ಲಿಂದ ಮುಂದೆ ಹಳುವಿನೊಳಗೆ ಹತ್ತಿಪ್ಪತ್ತು ಮಾರಿಗೊಂದರಂತೆ ಕೆಂಪು ಪ್ಲಾಸ್ಟಿಕ್ ಪಟ್ಟಿ.

ಅದನ್ನು ಬಿಚ್ಚಿಕೊಂಡು ಬಂದು ಕಿಗ್ಗದ ಅಂಗಡಿಯೊಂದರ ಕಟ್ಟೆ ಮೇಲೆ ಇಟ್ಟರು. ಅವತ್ತು ನಾನೂ ಅಲ್ಲಿದ್ದೆ. ‘ಇದೆಂತ ಗೌಡ್ರೇ, ದೀಪಾವಳಿ ಆಕಾಶಬುಟ್ಟಿ ಕಾಡಲ್ಲಿ ಕಟ್ಟಿದ್ರಾ?’ ಅಂತ ಒಬ್ಬರು ನಗಾಡಿದರು. ಮಾಟ ಅಂದವರೊಬ್ಬರು. ‘ಮಾಟ ಆದ್ರೆ ನಿಂಬೆಹಣ್ಣು ಎಲ್ಲಿ?’ ಅಂತ ಅಂಗಡಿಯವರೇ ಕೇಳಿದ ಮೇಲೆ ಆ ಮಾತು ನಿಂತಿತು. ಆಮೇಲೆ ನಗು ಹೋಯಿತು. ಹಿರಿಯರೊಬ್ಬರು ನಂಬರನ್ನೇ ನೋಡುತ್ತಾ, ‘47 ಅಂದ್ರೆ ಎಷ್ಟು ಮನೆ ಏಳಿಸ್ತಾರೆ ಅಂತ ಲೆಕ್ಕ ಇರಬಹುದಾ?’ ಅಂದರು. ಕಟ್ಟೆ ಮೇಲೆ ಕೂತವರೆಲ್ಲ ಸುಮ್ಮನಾದರು. ಮಾರನೇ ದಿನ ಬೆಳಿಗ್ಗೆ ಮೊದಲ ಬಸ್ಸಿನಲ್ಲಿ ಅದೇ ಸುದ್ದಿಯಾಯಿತು: ನಲವತ್ತೇಳು ಮನೆ!

ಓದುಗರೇ, ಒಂದೂ ಮನೆ ಏಳುವುದಿಲ್ಲ. ಈ ವಸ್ತು ಒಂದು ಆಟದ ಸಾಮಾನು. ಆಟದ ಹೆಸರು ಓರಿಯೆಂಟೀರಿಂಗ್.

ಪಿಯುಸಿಯನ್ನು ನಾನು ಪೂರ್ತಿ ಮಾಡಿದವನಲ್ಲ. ಆದರೆ ಕಾಲೇಜಿಗೆ ಹೋದಷ್ಟು ದಿನ ಎನ್‌ಸಿಸಿ ತಪ್ಪಿಸಲಿಲ್ಲ. ನಕಾಶೆ ಓದೋದು, ದಿಕ್ಸೂಚಿ ಹಿಡಿಯೋದು ಅಲ್ಲಿ ಕಲಿತದ್ದು. ಈ ಆಟವೂ ಅದೇ, ಜೊತೆಗೆ ಓಟ. ಸ್ಪರ್ಧಿಯ ಕೈಗೆ ಒಂದು ನಕಾಶೆ, ಒಂದು ದಿಕ್ಸೂಚಿ ಕೊಡುತ್ತಾರೆ. ನಕಾಶೆಯಲ್ಲಿ ನೇರಳೆ ಬಣ್ಣದ ತ್ರಿಕೋನ ಇದ್ದಲ್ಲಿ ಹೊರಡಬೇಕು, ಎರಡು ಸುತ್ತು ಹಾಕಿದಲ್ಲಿ ಮುಗಿಸಬೇಕು. ನಡುವೆ ಇರುವ ಒಂಟಿ ಸುತ್ತುಗಳ ಜಾಗದಲ್ಲೆಲ್ಲ ಕಾಡಿನೊಳಗೆ ಇಂಥದೊಂದು ಬಿಳಿ-ಕಿತ್ತಳೆ ಗುರುತು ಇರುತ್ತದೆ. ಅದನ್ನು ಹುಡುಕಿ, ಆ ಚಿಮಟದಿಂದ ತನ್ನ ಕಾರ್ಡಿಗೆ ತೂತು ಹೊಡೆದುಕೊಂಡು ಮುಂದಿನದಕ್ಕೆ ಓಡಬೇಕು. ಒಂದೊಂದು ಚಿಮಟದ ಸೂಜಿ ಒಂದೊಂದು ತರ ಜೋಡಿಸಿರುತ್ತಾರೆ, ಮೋಸ ಮಾಡಲಿಕ್ಕಾಗುವುದಿಲ್ಲ. ಈಗ ಅನೇಕ ಕಡೆ ಅದಕ್ಕೂ ಎಲೆಕ್ಟ್ರಾನಿಕ್ ಯಂತ್ರ ಬಂದಿದೆ.

ಇನ್ನು ಆ ನಂಬರಿನ ಕಥೆ. ಈ ಆಟದ ಗುರುತುಗಳಿಗೆ ನಂಬರು 31ರಿಂದ ಶುರು. ಒಂದು, ಎರಡು, ಮೂರು ಅಂತ ಹಾಕಿದರೆ ಸ್ಪರ್ಧಿ ಎಷ್ಟನೇ ಜಾಗಕ್ಕೆ ಬಂದ ಅನ್ನುವ ಲೆಕ್ಕಕ್ಕೂ ಇದಕ್ಕೂ ಗೊಂದಲ ಆಗುತ್ತದೆ ಅಂತ 30ರವರೆಗಿನ ನಂಬರು ಬಳಸುವುದಿಲ್ಲ. ಹಾಗಾಗಿ 47 ಅಂದರೆ ಕಾಡಲ್ಲಿ ನಲವತ್ತೇಳು ಗುರುತು ಇವೆ ಅಂತಲೂ ಅರ್ಥವಲ್ಲ. ನಮ್ಮವರು ಮನೆ ಲೆಕ್ಕಕ್ಕೇ ಹೋಗಿಬಿಟ್ಟರು.

ಆಟ ನಾರ್ವೆ, ಸ್ವೀಡನ್ ಕಡೆಯದು. 1897ರ ಅಕ್ಟೋಬರ್ 31ರಂದು ನಾರ್ವೆಯಲ್ಲಿ ಮೊದಲ ಸಾರ್ವಜನಿಕ ಸ್ಪರ್ಧೆ ನಡೆಯಿತು. 1961ರಲ್ಲಿ ಅಂತಾರಾಷ್ಟ್ರೀಯ ಒಕ್ಕೂಟ ಆಯಿತು. ಕೆಂಪು ಪಟ್ಟಿಯ ಜಾತಿ ಬೇರೆ. ಅದು ಬೆಟ್ಟದ ಓಟದವರದ್ದು. ಓಡುವವರಿಗೆ ದಾರಿ ತಪ್ಪದಿರಲಿ ಅಂತ ಕೊಂಬೆಗೆ ಕಟ್ಟುತ್ತಾ ಹೋಗುತ್ತಾರೆ. ನಮ್ಮ ಜಿಲ್ಲೆಯಲ್ಲೇ 2016ರಿಂದ ಮಲ್ನಾಡ್ ಅಲ್ಟ್ರಾ ಎಂಬ ಓಟ ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳಲ್ಲಿ ನಡೆದು ಬಂದಿದೆ. ಐವತ್ತು ಕಿಲೋಮೀಟರು, ಎಂಬತ್ತು ಕಿಲೋಮೀಟರು, ಅದಕ್ಕಿಂತ ಹೆಚ್ಚೂ ಓಡುವವರಿದ್ದಾರೆ. ಇನ್ನೊಂದು ಅಡ್ವೆಂಚರ್ ರೇಸ್. ಓಟ, ಸೈಕಲ್ಲು, ನೀರಿನ ದೋಣಿ ಎಲ್ಲ ಸೇರಿಸಿದ್ದು, ಅದಕ್ಕೂ ನಡುನಡುವೆ ಗುರುತು ಬೇಕು. ಕಿಗ್ಗದ ಮೇಲೆ ಕಟ್ಟಿದವರು ಯಾವ ಆಟದವರೋ. ಎರಡು ಬಗೆಯ ಗುರುತೂ ಇದ್ದದ್ದರಿಂದ ಎರಡನ್ನೂ ಆಡಲು ಬಂದವರಿರಬಹುದು.

ಆಟವನ್ನು ನಾನು ಬೇಡ ಅನ್ನುವುದಿಲ್ಲ. ನನ್ನ ತಕರಾರು ಬೇರೆ. ಊರವರಿಗೆ ಒಂದು ಮಾತು ಹೇಳದೆ, ಒಂದು ಹೆಸರು ಬರೆಯದೆ, ಯಾವತ್ತು ಕಟ್ಟಿದ್ದು ಯಾವತ್ತು ಬಿಚ್ಚುವುದು ಅನ್ನುವುದಿಲ್ಲದೆ ನಮ್ಮ ಕಾಡಿನ ಮರಕ್ಕೆ ಗುರುತು ಕಟ್ಟುವುದು ಸರಿಯಲ್ಲ.

‘ಒಂದು ಬಟ್ಟೆ ತುಂಡಿಗೆ ಇಷ್ಟು ರಾಮಾಯಣವೇ?’ ಅಂತ ಪೇಟೆಯವರು ಕೇಳಬಹುದು. ಸ್ವಾಮಿ, ಇಲ್ಲಿ ಮರದ ಮೇಲೆ ಬಿದ್ದ ಗುರುತಿಗೆಲ್ಲ ಒಂದು ಅರ್ಥ ಇದೆ, ಆ ಅರ್ಥ ಸಾಮಾನ್ಯವಾಗಿ ಒಳ್ಳೆಯದಲ್ಲ. ಮರಕ್ಕೆ ಬಣ್ಣದಲ್ಲಿ ನಂಬರು ಬರೆದರೆ ರಸ್ತೆ ಅಗಲ ಮಾಡಲು ಕಡಿಯುತ್ತಾರೆ ಅಂತ. ಸುತ್ತಿಗೆ ಮುದ್ರೆ ಬಿದ್ದರೆ ಇಲಾಖೆಯ ಲೆಕ್ಕಕ್ಕೆ ಹೋಯಿತು ಅಂತ. ಹೊಸ ಬಾಂದುಕಲ್ಲು ಕಂಡರೆ ಹಿಂದೆಯೇ ನೋಟೀಸು ಬರುತ್ತದೆ ಅಂತ. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಮೊದಲ ಅಧಿಸೂಚನೆ ಆಯಿತು. 2001ರಲ್ಲಿ ಅಂತಿಮ ಅಧಿಸೂಚನೆ ಬಂತು. 600 ಚದರ ಕಿಲೋಮೀಟರು. ಗೆರೆ ಎಲ್ಲಿ ಹಾದುಹೋಗುತ್ತದೆ, ಮನೆ ಒಳಗೋ ಹೊರಗೋ ಅಂತ ಆ ಹದಿನಾಲ್ಕು ವರ್ಷ ಎಷ್ಟು ಮನೆಗಳಲ್ಲಿ ನಿದ್ದೆ ಇರಲಿಲ್ಲ ಅನ್ನೋದು ಇಲ್ಲಿಯ ಹಿರಿಯರಿಗೆ ಗೊತ್ತು. ಆಮೇಲೆ 2011ರ ಗಾಡ್ಗೀಳ್ ವರದಿ, 2013ರ ಕಸ್ತೂರಿರಂಗನ್ ವರದಿ, ಕರಡು ಅಧಿಸೂಚನೆ ಮೇಲೆ ಕರಡು ಅಧಿಸೂಚನೆ. ಇದರ ನಡುವೆ ಸೆಕ್ಷನ್ 4, ಅರಣ್ಯ-ಕಂದಾಯ ಜಂಟಿ ಸರ್ವೆ, ಬಗರ್‌ಹುಕುಂ ಅರ್ಜಿ, 94ಸಿ. ತಾಲ್ಲೂಕು ಕಚೇರಿ ಮೆಟ್ಟಿಲು ಹತ್ತಿ ಇಳಿದು ಚಪ್ಪಲಿ ಸವೆದವರ ಊರು ಇದು. ಅಂಥವರು ಸೊಪ್ಪು ಕಡಿಯಲು ಹೋದಾಗ ಎದುರಿಗೆ 47 ಅಂತ ನಂಬರು ಕಂಡರೆ ನಾರ್ವೆ ದೇಶದ ಆಟ ನೆನಪಿಗೆ ಬರುತ್ತದೆಯೇ?

ಇನ್ನೊಂದು ಕಾರಣವೂ ಇದೆ, ಹೇಳದಿದ್ದರೆ ತಪ್ಪಾಗುತ್ತದೆ. ಕಾಡಿನ ಮರಕ್ಕೆ ಕೆಂಪು ಬಟ್ಟೆ ಅಂದರೆ ಒಂದು ಕಾಲದಲ್ಲಿ ಇಲ್ಲಿ ಬಾಗಿಲು ಹಾಕಿಕೊಳ್ಳುತ್ತಿದ್ದರು. 2005ರ ಫೆಬ್ರವರಿ 6ರಂದು ಮೆಣಸಿನಹಾಡ್ಯದ ಕಡೆ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಸತ್ತ ಮೇಲೆ ವರ್ಷಗಟ್ಟಲೆ ಇತ್ತಿನ ಊರುಗಳಲ್ಲಿ ಒಂದು ಕಡೆ ಬ್ಯಾನರು, ಕರಪತ್ರ, ಇನ್ನೊಂದು ಕಡೆ ಕೂಂಬಿಂಗ್. ನಡುವೆ ಸಿಕ್ಕವರು ಕೂಲಿಗೆ ಹೋಗುವವರು, ಜೇನು ತೆಗೆಯುವವರು. ‘ಕಾಡಿಗೆ ಯಾಕೆ ಹೋಗಿದ್ದೆ?’ ಅನ್ನುವ ಪ್ರಶ್ನೆಗೆ ಉತ್ತರ ಕೊಟ್ಟು ಸಾಕಾದವರು. 2025ರ ಜನವರಿ 8ರಂದು ಆರು ಜನ ಮುಖ್ಯಮಂತ್ರಿಗಳ ಎದುರು ಶರಣಾದರು. ಅದರಲ್ಲಿ ನಮ್ಮ ತಾಲ್ಲೂಕಿನ ಮುಂಡಗಾರಿನ ಹೆಸರೂ ಇತ್ತು. ಫೆಬ್ರವರಿಯಲ್ಲಿ ಕೋಟೆಹೊಂಡ ರವೀಂದ್ರ ಶರಣಾದ ಮೇಲೆ ಆ ಅಧ್ಯಾಯ ಮುಗಿಯಿತು. ಕಾಗದದ ಮೇಲೆ ಮುಗಿದದ್ದು ಮನಸ್ಸಿನಿಂದ ಅಷ್ಟು ಬೇಗ ಹೋಗುವುದಿಲ್ಲ. ಅಂಗಡಿ ಕಟ್ಟೆಯ ಮೇಲೆ ಆ ಕೆಂಪು ಪಟ್ಟಿಯನ್ನು ಮುಟ್ಟದೆ ದೂರ ನಿಂತಿದ್ದವರನ್ನು ನಾನು ನೋಡಿದ್ದೇನೆ.

ಈಗ ಊರಲ್ಲಿ ಕೆಲವರು ‘ಕಂಡ ಕಂಡಲ್ಲಿ ಕಿತ್ತು ಬಿಸಾಡಿ’ ಅಂತಿದ್ದಾರೆ. ಸಿಟ್ಟು ಅರ್ಥವಾಗುತ್ತದೆ. ಆದರೆ ಅದನ್ನು ನಾನು ಒಪ್ಪುವುದಿಲ್ಲ. ಆಟ ನಡೆಯುತ್ತಿರುವ ದಿನ ಒಂದು ಗುರುತು ಕಿತ್ತರೆ ಅದನ್ನು ನಂಬಿ ಓಡಿ ಬರುವವ ಎಲ್ಲಿಗೆ ಹೋಗಬೇಕು? ನಮ್ಮ ಕಾನು ಗೊತ್ತಲ್ಲ. ಸಂಜೆ ನಾಲ್ಕಕ್ಕೇ ಒಳಗೆ ಕತ್ತಲು, ಮಂಜು ಇಳಿದರೆ ಎದುರಿಗಿದ್ದ ಮರ ಕಾಣುವುದಿಲ್ಲ, ಹಳ್ಳದ ಶಬ್ದ ನಾಲ್ಕೂ ಕಡೆಯಿಂದ ಬಂದ ಹಾಗೆ ಕೇಳಿಸುತ್ತದೆ. ಫೋನಿಗೆ ಸಿಗ್ನಲ್ ಇಲ್ಲ. ಆಟದ ನಕಾಶೆಯಲ್ಲಿ ಒಂದು ಸೆಂಟಿಮೀಟರು ಅಂದರೆ ನೆಲದ ಮೇಲೆ ನೂರೈವತ್ತು ಮೀಟರು. ನಮ್ಮ ಇಳಿಜಾರಿನಲ್ಲಿ ನೂರೈವತ್ತು ಮೀಟರು ತಪ್ಪಿದರೆ ಬೇರೆಯೇ ಹಳ್ಳಕ್ಕೆ ಇಳಿದಿರುತ್ತೀರಿ.

ಇಂಥ ಓಟ ಎಷ್ಟು ಕೆಟ್ಟದಾಗಿ ಮುಗಿಯಬಹುದು ಅನ್ನುವುದಕ್ಕೆ ಚೀನಾದ ಒಂದು ಸಂಗತಿ ಹೇಳುತ್ತೇನೆ. 2021ರ ಮೇ 22ರಂದು ಗಾನ್ಸು ಪ್ರಾಂತ್ಯದ ಬೆಟ್ಟದಲ್ಲಿ ನೂರು ಕಿಲೋಮೀಟರಿನ ಓಟ. 172 ಜನ ಹೊರಟರು. ನಡುದಾರಿಯಲ್ಲಿ ಇದ್ದಕ್ಕಿದ್ದಂತೆ ಆಲಿಕಲ್ಲು, ಚಳಿ ಮಳೆ, ಬಿರುಗಾಳಿ. ಮೈಮೇಲೆ ತೆಳು ಅಂಗಿ, ಚಡ್ಡಿ. 21 ಜನ ಅಲ್ಲೇ ಸತ್ತರು. ಆರು ಜನ ಬದುಕಿದ್ದು ಒಬ್ಬ ಕುರಿ ಕಾಯುವವನಿಂದ. ಮಳೆಗೆ ಗುಹೆಯಲ್ಲಿ ಕೂತಿದ್ದ ಅವನು ಅವರನ್ನು ಒಳಗೆ ಕರಕೊಂಡು ಹೋಗಿ ಬೆಂಕಿ ಹಾಕಿ ಉಳಿಸಿದ. ನಕಾಶೆಯಲ್ಲಿ ಆ ಕುರಿಗಾಹಿ ಇರಲಿಲ್ಲ. ಅವನು ಅಲ್ಲಿದ್ದದ್ದು ಓಡಿದವರ ಪುಣ್ಯ.

ನಮ್ಮಲ್ಲಿ ಆ ಕುರಿಗಾಹಿಯ ಜಾಗದಲ್ಲಿರುವವರು ಉಪ್ಪಾಗೆ ಹೆಕ್ಕುವವರು, ಜೇನಿಗೆ ಹೋಗುವವರು, ಸೊಪ್ಪಿನ ಬೆಟ್ಟದ ಮನೆಯವರು. ಅವರನ್ನು ಒಂದು ಮಾತು ಕೇಳಿದ್ದರೆ ಅವರೇ ಹೇಳುತ್ತಿದ್ದರು, ಯಾವ ಹಾಡ್ಯದಲ್ಲಿ ಮಂಗ ಸತ್ತು ಬಿದ್ದಿದೆ ಅಂತ. ಮಂಗನ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಇವತ್ತಿಗೂ ಹೋಗಿಲ್ಲ. 2024ರ ಬೇಸಗೆಯಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ಕಡೆಯವರು ಅದರ ಹೆದರಿಕೆ ಉಂಡಿದ್ದಾರೆ. ಉಣುಗು ಕಚ್ಚುವುದು ಬೇಸಗೆಯಲ್ಲಿ, ಇವರು ಆಟ ಇಟ್ಟುಕೊಳ್ಳುವುದೂ ಬೇಸಗೆಯಲ್ಲಿ. ಮಂಗ ಸತ್ತ ಜಾಗಕ್ಕೆ ಗುರುತು ಕಟ್ಟಿ ಐವತ್ತು ಹುಡುಗರನ್ನು ಚಡ್ಡಿಯಲ್ಲಿ ಓಡಿಸಿದರೆ ಏನಾಗಬಹುದು ಯೋಚಿಸಿ. ಮಳೆಗಾಲಕ್ಕೆ ಇಂಬಳ ಇದೆ, ಅದು ರಕ್ತ ಕುಡಿದು ಬಿಡುತ್ತದೆ ಅಷ್ಟೇ. ಉಣುಗು ಹಾಗೆ ಬಿಡುವುದಿಲ್ಲ.

ಆನೆ ವಿಷಯ ಹೇಳಬೇಕಾದ್ದೇ ಇಲ್ಲ. 2025ರ ಅಕ್ಟೋಬರ್ ಕೊನೆಗೆ ಕೆರೆಕಟ್ಟೆ ಬಳಿ ಇಬ್ಬರನ್ನು ಕಾಡಾನೆ ಕೊಂದಿತು. ಅವರು ಈ ಕಾಡಿನಲ್ಲೇ ಹುಟ್ಟಿ ಬೆಳೆದ ಊರವರು. ಹೊರಗಿನವರ ಪಾಡೇನು?

ಅನುಮತಿಯ ಪ್ರಶ್ನೆ ಬಂದರೆ ಅಲ್ಲಿ ಇನ್ನೊಂದು ಗೋಜಲು. ನರಸಿಂಹ ಪರ್ವತ ರಾಷ್ಟ್ರೀಯ ಉದ್ಯಾನದೊಳಗಿದೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. ಹಿಂದೆ ಕಿಗ್ಗದಲ್ಲಿ ದೇವರಿಗೆ ಕೈ ಮುಗಿದು ಬೆಟ್ಟ ಹತ್ತಿ ಆಗುಂಬೆ ಕಡೆ ಇಳಿಯುತ್ತಿದ್ದವರು ಬೇಕಾದಷ್ಟು ಜನ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ನುಗ್ಗಿದ ಮೇಲೆ ಸರ್ಕಾರ ಬಿಗಿ ಮಾಡಿತು. ಅದೇ ವರ್ಷ ಅಕ್ಟೋಬರಿನಲ್ಲಿ ಆನ್‌ಲೈನ್ ಟಿಕೆಟ್ಟಿಗೆ ಅರಣ್ಯ ವಿಹಾರ ಎಂಬ ವ್ಯವಸ್ಥೆ ಬಂತು. ಹಾಗಾಗಿ ಉದ್ಯಾನದ ಗೆರೆ ದಾಟದೆ ಪಕ್ಕದಲ್ಲೇ ಆಟ ಆಡೋಣ ಅಂತ ಕೆಲವರು ಸೊಪ್ಪಿನ ಬೆಟ್ಟ, ಬ್ಯಾಣ, ಹಾಡ್ಯಕ್ಕೆ ಬರುತ್ತಿರಬಹುದು. ಗೇಟಿಲ್ಲ, ಟಿಕೆಟ್ಟಿಲ್ಲ, ಅದಕ್ಕೆ ಯಾರದ್ದೂ ಅಲ್ಲ ಅಂದುಕೊಳ್ಳುತ್ತಾರೆ. ಸೊಪ್ಪಿನ ಬೆಟ್ಟ ಯಾರದು ಅಂತ ಇಲ್ಲಿ ಕೇಳಿ ನೋಡಿ. ಅರಣ್ಯದವರು ಒಂದು ಹೇಳುತ್ತಾರೆ, ಕಂದಾಯದವರು ಒಂದು, ತಲೆತಲಾಂತರದಿಂದ ಸೊಪ್ಪು ತಂದು ತೋಟಕ್ಕೆ ಹಾಕಿದವರು ಇನ್ನೊಂದು. ಮೂವರಲ್ಲಿ ಯಾರೂ ‘ಯಾರದ್ದೂ ಅಲ್ಲ’ ಅನ್ನುವುದಿಲ್ಲ.

ಚಿಕ್ಕಮಗಳೂರಿನ ತೋಟಗಳಲ್ಲಿ ಕಾರ್ ರ್ಯಾಲಿ ನಡೆಯುವುದು ಜಿಲ್ಲೆಗೆ ಹೊಸದಲ್ಲ. ಅಂಥ ದಿನ ಇಂಥ ರಸ್ತೆ ಬಂದ್ ಅಂತ ಮೊದಲೇ ಗೊತ್ತಾಗುತ್ತದೆ. ಕಾರಿನವರಿಗೆ ಆಗುವುದು ಕಾಲಿನಲ್ಲಿ ಓಡುವವರಿಗೆ ಆಗಬಾರದೇ? ಕಷ್ಟದ ಕೆಲಸ ಏನೂ ಅಲ್ಲ. ಗುರುತಿನ ಮೇಲೆ ಕನ್ನಡದಲ್ಲಿ ಎರಡು ಸಾಲು: ‘ಇದು ಆಟದ ಗುರುತು. ಇಂಥವರು ಕಟ್ಟಿದ್ದು, ಇಂಥ ದಿನ ಬಿಚ್ಚುತ್ತೇವೆ’ ಅಂತ, ಕೆಳಗೆ ಒಂದು ಫೋನ್ ನಂಬರು. ವಾರ ಮುಂಚೆ ಗ್ರಾಮ ಪಂಚಾಯಿತಿ ಬೋರ್ಡಿಗೆ ಒಂದು ಚೀಟಿ, ಬಸ್ ನಿಲ್ಲುವಲ್ಲಿ ಒಂದು ಚೀಟಿ. ಅಂಗಡಿಯವರಿಗೆ ಬಾಯಿ ಮಾತಲ್ಲಿ ಹೇಳಿದರೂ ಸಾಕು, ಸಂಜೆಯೊಳಗೆ ಊರಿಗೆಲ್ಲ ತಿಳಿಯುತ್ತದೆ. ಆಟಕ್ಕೆ ಬಂದವರು ಅವರ ಅಂಗಡಿಯಲ್ಲೇ ಅಲ್ಲವೇ ನೀರು, ಬಾಳೆಹಣ್ಣು ತಗೊಳ್ಳುವುದು?

ಇದಕ್ಕೆ ನನ್ನದೊಂದು ಸಲಹೆ ಇದೆ. ಪಂಚಾಯಿತಿಯವರು ಬೇಕಾದರೆ ಮುಂದಿನ ಸಭೆಗೆ ಇಡಲಿ. ಆಟ ನಡೆಸುವವರಿಂದ ಗುರುತಿಗೆ ಇಷ್ಟು ಅಂತ ಠೇವಣಿ ಕಟ್ಟಿಸಿಕೊಳ್ಳಿ. ಮೂವತ್ತು ಗುರುತು ಕಟ್ಟಿದ್ದೇವೆ ಅಂತ ಬರೆದುಕೊಟ್ಟರೆ ಮೂವತ್ತನ್ನೂ ತಂದು ಎಣಿಸಿ ತೋರಿಸಬೇಕು. ಒಂದು ಕಡಿಮೆಯಾದರೆ ಅದರ ಠೇವಣಿ ಪಂಚಾಯಿತಿಗೆ. ಕಟ್ಟಲು, ಬಿಚ್ಚಲು ಊರಿನ ಇಬ್ಬರನ್ನು ಕೂಲಿ ಕೊಟ್ಟು ಕರೆದುಕೊಂಡು ಹೋಗಬೇಕು. ಮಂಗ ಎಲ್ಲಿ ಸತ್ತಿದೆ, ಆನೆ ಯಾವ ಕಡೆ ದಾಟಿದೆ ಅನ್ನೋದು ಅವರಿಗೆ ಗೊತ್ತಿರುತ್ತದೆ. ಬೆಂಗಳೂರಿನಿಂದ ಬಂದವರು ಸೋಮವಾರ ಆಫೀಸು ಅಂತ ಭಾನುವಾರ ಸಂಜೆಯೇ ಗಾಡಿ ಹತ್ತುತ್ತಾರೆ. ಕೊನೆಯ ನಾಲ್ಕು ಗುರುತು ಕಾಡಲ್ಲಿ ಉಳಿಯುವುದು ಹೀಗೆಯೇ.

ಇನ್ನೂ ಒಂದು ಮಾತು. ಈ ಆಟವನ್ನು ನಮ್ಮ ಹೈಸ್ಕೂಲು ಮಕ್ಕಳಿಗೆ ಕಲಿಸಿದರೆ ಬಂದವರನ್ನೆಲ್ಲ ಸೋಲಿಸಿ ಕಳಿಸುತ್ತಾರೆ ಅಂತ ನನಗೆ ಖಾತ್ರಿ. ದಿನಾ ಕಾಲುದಾರಿಯಲ್ಲಿ ಸಂಕ ದಾಟಿ ಬಸ್ಸಿಗೆ ಬರುವ ಮಕ್ಕಳವು. ಡ್ರಿಲ್ ಮೇಷ್ಟ್ರು ಶಾಲೆ ಆವರಣದ ನಕಾಶೆ ಬರೆದು ಹತ್ತು ಕಡೆ ಹತ್ತು ರಟ್ಟು ಕಟ್ಟಿದರೂ ಆಟ ಆಗುತ್ತದೆ. ಅದಕ್ಕೆ ಕಾಡೂ ಬೇಡ, ಅನುಮತಿಯೂ ಬೇಡ.

ಈಗ ಸಿಕ್ಕಿದವರು ಏನು ಮಾಡಬೇಕು? ಗುರುತು ಹೊಸದಾಗಿದ್ದು ಬಣ್ಣ ಗಟ್ಟಿ ಇದ್ದರೆ ಮುಟ್ಟಬೇಡಿ. ಯಾರೋ ಅದನ್ನೇ ಹುಡುಕಿಕೊಂಡು ಬರುತ್ತಿರಬಹುದು. ಪಂಚಾಯಿತಿಗೋ ಅರಣ್ಯದವರಿಗೋ ತಿಳಿಸಿ, ಅವರು ವಿಚಾರಿಸಲಿ. ಪಾಚಿ ಹತ್ತಿ ಮಾಸಿದ್ದರೆ ಬಿಚ್ಚಿ ತಂದು ಪಂಚಾಯಿತಿಗೆ ಕೊಡಿ. ಪ್ಲಾಸ್ಟಿಕ್ ಪಟ್ಟಿಯಾದರೆ ಕತ್ತಿಯಲ್ಲಿ ಸವರಿ ಅಲ್ಲೇ ಬಿಡಬೇಡಿ, ಗಂಟು ಬಿಚ್ಚಿ ಜೇಬಿಗೆ ಹಾಕಿಕೊಂಡು ಬನ್ನಿ. ಮಳೆ ಬಿಟ್ಟ ಮೇಲೆ ದನ ಮೇಯುವುದು ಅದೇ ಬ್ಯಾಣದಲ್ಲಿ.